ತಪ್ಪಿಸಿದ ಎಳೆ ಯಾವುದು, ಬನವ್ವಜ್ಜಿ?

ಗುಳೇದಗುಡ್ಡ
೨೨೯೧ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಪೂಜ್ಯ ಬನವ್ವಜ್ಜಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ಗೌರಾದೇವಿಯ ನಮಸ್ಕಾರಗಳು.

ತಿಂಗಳು ಹದಿಮೂರಾಯಿತೆಂದು ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ವರ್ಷಕ್ಕೆ ಅಷ್ಟು ತಿಂಗಳು. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾವಿನ್ನೂ ರವಿಕೆಯ ಖಣ ನೇಯುತ್ತೇವೆ. ಬೆಳಗ್ಗೆ ನೂಲ್ಗಣ್ಣನ್ನು, ಅಂದರೆ ಹಳೆಯ ಬಟ್ಟೆ ನೋಡಿ ಎಳೆ ಎಣಿಸುವ ಗಾಜನ್ನು, ಒರೆಸಿ ಕೈಮುಗಿದು ಕೆಲಸಕ್ಕೆ ಕೂರುತ್ತೇವೆ. ಮಗ್ಗಗಳು ಈಗ ಸದ್ದು ಮಾಡುವುದಿಲ್ಲ. ನಿಮ್ಮ ಓಣಿಯ ಸದ್ದು ನಾನು ಕೇಳಿದವಳಲ್ಲ, ಆದರೂ ಅದಕ್ಕಾಗಿ ಜೀವ ಹಂಬಲಿಸುತ್ತದೆ.

ನಿಮ್ಮ ನಾಲ್ಕು ಮಗ್ಗದ ಮನೆಗೆ ಕಂಪ್ಯೂಟರ್ ಬಂದಾಗ ಹೂವಿನ ವಿನ್ಯಾಸ ಬರೆಯಲು ಎರಡು ಸಾಫ್ಟ್‌ವೇರ್ ಇದ್ದವಂತೆ. ಒಂದು ಕಂಪನಿಯದು, ಅದರ ಒಳಗುಟ್ಟು ಅವರಿಗಷ್ಟೇ ಗೊತ್ತು. ಇನ್ನೊಂದು ಓಪನ್ ಸೋರ್ಸ್, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದು. ನಿಮ್ಮ ಸೊಸೆ ಶಶಿಕಲಾ ಎರಡನೆಯದನ್ನು ಬಯಸಿದ್ದಳು. ನೀವು ಅಂದದ್ದು ನಮ್ಮ ಮನೆಯಲ್ಲಿ ಇಂದಿಗೂ ಓಡಾಡುತ್ತದೆ: “ಕೆಟ್ಟು ನಿಂತ್ರ ಯಾರನ್ನ ಕರೀಬೇಕವಾ? ಕಂಪನಿಯಾಂವ ಚಾ ಕಾಯೂದ್ರಾಗ ಬಂದ್ ನಿಲ್ತಾನ.” ನಿಜವೇ. ಅವನು ಬರುತ್ತಿದ್ದ. ಇನ್ನೊಂದರಲ್ಲಿ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಎರಡು ದಿನ ಕಾಯಬೇಕಿತ್ತು. ನಿಮ್ಮ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ.

ಆದರೆ ಬಸುರಿಗೆ ಕುಬಸದ ಶಾಸ್ತ್ರದಲ್ಲಿ ತೊಡಿಸುವ ಖಣಕ್ಕೆ ನೀವು ಕವಡೆ ಹೂವು ನೇಯುತ್ತಿದ್ದಿರಿ. ಕಣ್ಣು ತಾಗದಿರಲೆಂದು ಅದರಲ್ಲಿ ಒಂದು ಎಳೆಯನ್ನು ಬೇಕೆಂದೇ ತಪ್ಪಿಸುತ್ತಿದ್ದಿರಿ. ಕಂಪನಿಯ ಸಾಫ್ಟ್‌ವೇರ್ ಆ ತಪ್ಪನ್ನು ತಾನೇ ಸರಿಪಡಿಸಿಬಿಡುತ್ತಿತ್ತು. ಬದಲಿಸಿಕೊಡಿ ಎಂದರೆ, ಒಬ್ಬರಿಗಾಗಿ ಆಗುವುದಿಲ್ಲ ಎಂದರು. ನೀವು ಮಗ್ಗದ ಮೇಲೆ ಕೈಯಿಂದಲೇ ತಪ್ಪಿಸುತ್ತ ಬಂದಿರಿ. ಬಾಯಿಬಿಟ್ಟು ಹೇಳಿದರೆ ಫಲವಿಲ್ಲವೆಂದು ನಂಬಿ, ಅದು ಯಾವ ಎಳೆ ಎಂದು ಯಾರಿಗೂ ಹೇಳಲಿಲ್ಲ. ಮುಂದೆ ಕಂಪನಿ ಮುಚ್ಚಿತು. ನಿಮ್ಮ ಹೂಗಳೆಲ್ಲ ಅದರ ಸಾಫ್ಟ್‌ವೇರಿನೊಳಗೇ ಸಿಕ್ಕಿಕೊಂಡವು. ಎದುರುಮನೆಯವರು ಓಪನ್ ಸೋರ್ಸಿನಲ್ಲಿ ಬರೆದಿಟ್ಟವು ಇವತ್ತಿಗೂ ತೆರೆಯುತ್ತವೆ. ಹೊಟ್ಟೆ ಉರಿಯುತ್ತದೆ, ಅಜ್ಜಿ.

ನನ್ನ ಬಳಿ ನಿಮ್ಮ ಖಣದ ಒಂದು ತುಂಡಿದೆ. ಕವಡೆ ಹೂವಿನ ನಡುವೆ ಸವೆದು ತೂತಾಗಿದೆ. ಉಳಿದ ಕಡೆ ಒಂದೂ ತಪ್ಪಿಲ್ಲ, ಆದ್ದರಿಂದ ನಿಮ್ಮ ಎಳೆ ಆ ತೂತಿನಲ್ಲೇ ಇದ್ದಿರಬೇಕು. ನೂಲ್ಗಣ್ಣು ಸುತ್ತಲಿನ ಎಳೆ ಎಣಿಸಿ, ತೂತನ್ನೂ ತಪ್ಪಿಲ್ಲದ ಹೂವಾಗಿಯೇ ನೀಟಾಗಿ ತುಂಬಿಕೊಡುತ್ತದೆ.

ಕಂಪನಿಯದನ್ನು ಬಿಡಿ ಎನ್ನುವುದಿಲ್ಲ. ಶಶಿಕಲಾ ಬಯಸಿದ್ದರಲ್ಲಿ ಈ ಒಂದು ಹೂವನ್ನು ಬರೆಸಿಡಿ, ತಪ್ಪಿನ ಸಮೇತ. ಮುಂದಿನ ತಿಂಗಳು ನನ್ನ ಮಗಳ ಕುಬಸ. ಯಾವ ಎಳೆ ತಪ್ಪಿಸಬೇಕೋ ತಿಳಿಯದು, ಮಗ್ಗದ ಮೇಲೆ ಹೂವು ಎಲ್ಲೂ ತಪ್ಪಿಲ್ಲದೆ ಬರುತ್ತಿದೆ. ನನಗೆ ಹೆದರಿಕೆಯಾಗುತ್ತಿದೆ.