ಹಂಪಿ ದೇವರ ಹೆಸರು

೧೨ ಮಾರ್ಚ್ ೧೯೪೨, ಗುರುವಾರ. ಯಲಬುರ್ಗಾ.

ಕುಷ್ಟಗಿಯವರು ಊಟಕ್ಕೂ ನಿಲ್ಲದೆ ಎದ್ದು ಹೋದರು.

ನನ್ನ ತಮ್ಮ ಉಮಾಪತಿಗೆ ಹೆಣ್ಣು ಕೊಡಲು ಬಂದವರು. ಮನೆತನದ ದೊಡ್ಡಸ್ತಿಕೆ ತೋರಿಸಲು ಈ ಜಾಣ ಕಚೇರಿಯಿಂದ ಹಳೆಯ ಖಾನೇಶುಮಾರಿಯ, ಅಂದರೆ ಜನಗಣತಿಯ, ನಕಲು ತರಿಸಿ, ಅಜ್ಜ ಅಜ್ಜಿಯ ಲಗ್ನಪತ್ರಿಕೆಯ ಪಕ್ಕದಲ್ಲಿಟ್ಟ. ಪತ್ರಿಕೆಯಲ್ಲಿ ಅಜ್ಜ ವಿರೂಪಾಕ್ಷಪ್ಪ. ನಕಲಿನಲ್ಲಿ ಅಜ್ಜಿಯ ಗಂಡ ಹಂಪಣ್ಣ!

“ಹಂಗಾದ್ರ ನಿಮ್ಮಪ್ಪ ಯಾರ ಮಗಾ ಅಂತ ತಿಳೀಬೇಕ್ರಿ?” ಎಂದ ಹೆಣ್ಣಿನ ಅಪ್ಪ. ಅವನ ಬಾಯಿಗಿಷ್ಟು ಮಣ್ಣು ಹಾಕ.

ಆದದ್ದು ಇಷ್ಟೇ. ಮಂದಿ ಎಣಿಸುವವನು ಬಂದ ದಿನ ಅಜ್ಜ ಹೊಲದಲ್ಲಿದ್ದ. ಗಂಡನ ಹೆಸರು ಕೇಳಿದರೆ ಅಜ್ಜಿ ಹೇಳುತ್ತಾಳೆಯೇ? “ಹಂಪಿ ದೇವರ ಹೆಸರೈತ್ರಿ” ಎಂದಳಂತೆ. ಪರ ಊರಿನ ಆ ಗುಮಾಸ್ತ ಹಂಪಣ್ಣ ಎಂದು ಗೀಚಿಕೊಂಡು ಹೋದ.

ಎಲ್ಲರೆದುರು ಅಜ್ಜಿಯ ಕಾಲು ಹಿಡಿದೆ. “ಒಂದ ಸಲ ಹೆಸರ ಹೇಳಬೇ ಯಮ್ಮಾ, ಮನಿ ಮರ್ಯಾದಿ ಹೊಂಟೈತಿ.”

ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಅವರಿದ್ದಾಗ ಅಂದಿಲ್ಲ, ಈಗ ಅಂತೀನೇನ ಯವ್ವಾ?”

ಎಂಥ ಮುದುಕಿ! ಹೆತ್ತ ಮಗನ ಹುಟ್ಟನ್ನೇ ಅನುಮಾನಿಸಿದರೂ ತುಟಿ ಬಿಚ್ಚಲಿಲ್ಲ. ನಾನಾಗಿದ್ದರೆ ಹಂಪಿಗೇ ಕೇಳಿಸುವ ಹಾಗೆ ಕೂಗಿ ಹೇಳುತ್ತಿದ್ದೆ.

ಉಮಾಪತಿ ಮುಸುಕು ಹೊದ್ದು ಮಲಗಿದ್ದಾನೆ. ತಪ್ಪು ತಿದ್ದಿರೆಂದು ಕಚೇರಿಗೆ ಅರ್ಜಿಯನ್ನು ನಾನೇ ಬರೆದೆ. ವಿರೂಪಾಕ್ಷಪ್ಪ, ವಿರೂಪಾಕ್ಷಪ್ಪ ಎಂದು ಸಾಲು ಸಾಲಿಗೂ ದಪ್ಪಗೆ ಬರೆದೆ. ಇನ್ನು ಉಳಿದದ್ದು ಕೆಳಗೆ ನನ್ನ ಸಹಿ ಮಾತ್ರ. ಕಳಕಮ್ಮ, ಗಂಡ…

ಶಾಯಿ ಎರಡು ಸಲ ಅದ್ದಿದೆ. “ನಮ್ಮ ಮನೆಯವರು” ಎಂದು ಬರೆದರೆ ಕಚೇರಿಯಲ್ಲಿ ನಡೆಯುತ್ತದೋ ಏನೋ.