ಮುನ್ನೂರು ದಾಟಬೇಕಾದ ರಕ್ತ

ಮಾರ್ಚ್ 3
ಇವತ್ತೂ ಕ್ಲಾಸಿನಲ್ಲಿ ಎದೆ ಸಿಳ್ಳೆ ಹಾಕಿತು. ಹಿಂದಿನ ಬೆಂಚಿನಿಂದ ದನಿ — "ಮೂರು ವಿಷಲ್ ಆಯ್ತು, ಕುಕ್ಕರ್ ಸರ್‌ನ ಇಳಿಸ್ರೋ!" ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೆ ನಾಲ್ಕನೆಯದೂ ಆಯಿತು. ದಮ್ಮು ಇರುವವನಿಗೆ ದಮ್ಮಿಲ್ಲ. ತರ್ಕಶಾಸ್ತ್ರದ ಮೇಷ್ಟ್ರಾದ ನಾನು ಇದನ್ನು ಹೇಗೆ ಬಿಡಿಸಬೇಕೋ...

ಮಾರ್ಚ್ 5, ಸಂಜೆ
ಆಸ್ಪತ್ರೆ. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬರೀ ಕೆಮ್ಮಿಗೇ ಪಕ್ಕೆಲುಬು ಬಿರುಕು ಬಿಟ್ಟಿದೆಯಂತೆ. ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆಗಳ ಕೃಪೆ. ಮುಖ ಉಬ್ಬಿದ್ದೂ ಅದರಿಂದಲೇ. ಕವಿಗಳು ಚಂದ್ರಮುಖ ಅಂದರೆ ಹೊಗಳಿಕೆ. ಡಾಕ್ಟರು ಅಂದರೆ ಸೈಡ್ ಎಫೆಕ್ಟ್.

"ಹೀಗೇ ನುಂಗ್ತಾ ಹೋದ್ರೆ ಮುಂದಿನ ಸರದಿ ಬೆನ್ನುಮೂಳೆದು, ಸರ್. ಹೊಸ ಇಂಜೆಕ್ಷನ್ನನ್ನ ರೋಗಿಗಳಿಗೆ ಕೊಟ್ಟು ನೋಡೋ ಸ್ಟಡಿ ನಡೀತಿದೆ. ಒಂದೇ ಸೀಟು ಉಳಿದಿದೆ. ಆದ್ರೆ ರಕ್ತದಲ್ಲಿ ಇಯೋಸಿನೋಫಿಲ್ ಮುನ್ನೂರು ದಾಟಿರಬೇಕು."

"ಅದ್ಯಾರು ತಾಯಿ?"

"ಬಿಳಿ ಕಣ. ನಿಮ್ಮಂಥವರ ಶ್ವಾಸನಾಳಕ್ಕೆ ಉರಿ ಹಚ್ಚೋದು ಅವೇ. ಇಂಜೆಕ್ಷನ್ ಹೊಡೆಯೋದೂ ಅವನ್ನೇ. ಮಾತ್ರೆ ನುಂಗಿದ್ರೆ ಅಡಗಿಬಿಡ್ತವೆ. ಅದಕ್ಕೇ ನಾಲ್ಕು ವಾರ ಮಾತ್ರೆ ಮುಟ್ಟಬೇಡಿ. ಇನ್‌ಹೇಲರ್ ಬಿಡಬೇಡಿ. ತೀರಾ ಕಟ್ಟಿದ್ರೆ ಇಲ್ಲಿಗೆ ಓಡಿ ಬನ್ನಿ, ಸೀಟು ಹಾಳಾಗಿ ಹೋಗ್ಲಿ."

ಕಣಕ್ಕಿಳಿಯಬೇಕಾದರೆ ಕಣ ಏರಬೇಕು. ಆಗಲಿ.

ಮಾರ್ಚ್ 16
ಅಕ್ಕನಿಗೆ ಸಿಟ್ಟು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಸಾಕಿದ್ದು ಇನ್ನೂ ಸಾಕಾಗಿಲ್ಲ.

"ವಾಸಿ ಆಗೋಕೆ ಮೊದ್ಲು ನೆಟ್ಟಗೆ ಕಾಯಿಲೆ ಬೀಳಬೇಕಂತೆ! ಯಾವ ಸೀಮೆ ನ್ಯಾಯನೋ ಇದು?"

"ಪಾಸಾಗೋಕೆ ಕಷ್ಟಪಡಬೇಕಲ್ಲಕ್ಕ."

"ಓದಿ ಓದಿ ಮರುಳಾದೆ ಕಣೋ. ನೀನು ಉಸಿರೆಳೆಯೋದು ನೋಡಿದ್ರೆ ನನ್ನ ಕರುಳು ಕಿತ್ತು ಬರುತ್ತೆ."

ಮಾರ್ಚ್ 30
ಮೆಟ್ಟಿಲ ಅರ್ಧದಲ್ಲಿ ಕೂತುಬಿಟ್ಟೆ. ಅಕ್ಕ — ಆಸ್ಪತ್ರೆಗೆ ನಡಿ. ನಾನು — ಸೀಟು. ಒಂದೇ ಪದಕ್ಕೆ ಉಸಿರಿತ್ತು. ಬರೆಯಲೂ ಏದುಸಿರು...

ಏಪ್ರಿಲ್ 1
ಪವಾಡ! ಎದೆ ಹಗುರ. ಸ್ಟಾಫ್ ರೂಮಿನವರೆಗೆ ಎಲ್ಲೂ ನಿಲ್ಲದೆ ಹತ್ತಿದೆ. ಜವಾನ "ಸರ್, ಲಿಫ್ಟ್ ಹಾಕಿಸಿದ್ರಾ?" ಎಂದ. ಅಕ್ಕ ನನ್ನ ಮುಖ ನೋಡಿ ಕಣ್ಣೊರೆಸಿಕೊಂಡಳು. ಕಾಫಿ ಮಾತ್ರ ಎರಡು ದಿನದಿಂದ ಕಹಿ, ಸಕ್ಕರೆ ಮರೆಯುತ್ತಾಳೆ. ನಾಳೆ ರಕ್ತ ಕೊಡಬೇಕು. ಹೀಗೆ ಆರೋಗ್ಯವಂತನಾಗಿ ಹೋದರೆ ಮರ್ಯಾದೆ ಉಳಿಯುವುದೇ? ಕೆಮ್ಮಿ ನೋಡಿದೆ. ಬರಲಿಲ್ಲ.

ಏಪ್ರಿಲ್ 4
ಮುನ್ನೂರಲ್ಲ. ಮೂವತ್ತು.

"ನಿಜ ಹೇಳಿ ಸರ್, ಮಾತ್ರೆ ತಗೊಂಡ್ರಾ?"

"ನಮ್ಮಕ್ಕನಾಣೆ ಇಲ್ಲ."

ಅಕ್ಕ ಪಕ್ಕದ ಕುರ್ಚಿಯಲ್ಲೇ ಇದ್ದಳು. ತಲೆ ಎತ್ತಲಿಲ್ಲ. ಡಾಕ್ಟರಮ್ಮ ನನ್ನನ್ನು ನೋಡಿದ ರೀತಿ — ಕಾಪಿ ಹೊಡೆದು ಸಿಕ್ಕಿಬಿದ್ದವನನ್ನು ನಾನು ನೋಡುವ ರೀತಿ. ಮತ್ತೊಂದು ಪರೀಕ್ಷೆ? ಇಲ್ಲ, ಒಂದೇ ಅವಕಾಶ. ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ ಟೈಲರ್ ಒಬ್ಬನಿಗೆ ನಾನೂರ ಹತ್ತು. ಸೀಟು ಅವನದು. ಕೈ ಕುಲುಕಿ ಬಂದೆ.

ಬಸ್ಸಿನಲ್ಲಿ ಅಕ್ಕ ಬಾಯಿಬಿಟ್ಟಳು. "ಕಾಫೀಲಿ ಮಾತ್ರೆ ಅರೆದು ಹಾಕಿದ್ದೆ ಕಣೋ. ತುಟಿ ನೀಲಿಗಟ್ಟಿತ್ತು. ಆಸ್ಪತ್ರೆ ಅಂದ್ರೆ ಸೀಟು ಅಂದೆ. ಒಂದು ಪರೀಕ್ಷೆಗೋಸ್ಕರ ನಿನ್ನ ಸಾಯೋಕೆ ಬಿಡ್ಲಾ?"

ರಕ್ತಸಂಬಂಧ ಅಂದರೆ ಇದೇ ಇರಬೇಕು. ನಗು ಬರಲಿಲ್ಲ.

ಏಪ್ರಿಲ್ 9
ಅವತ್ತಿನಿಂದ ಅವಳ ಜೊತೆ ಮಾತಿಲ್ಲ. ಮುನಿಸು ಅಂದುಕೊಂಡಿದ್ದಾಳೆ. ಅರ್ಧ ಮುನಿಸು, ಅರ್ಧ ಉಸಿರಿನ ಉಳಿತಾಯ. ಬೆಳಿಗ್ಗೆ ಎದೆ ಪೂರ್ತಿ ಕಟ್ಟಿತು. ಅಂಗೈಯಲ್ಲಿ ಮಾತ್ರೆ ಹಿಡಿದು ಬಂದಳು, ಬಚ್ಚಿಡದೆ.

"ಈಗ ಕೊಡಬಹುದಲ್ವಾ? ಏನೂ ಅಡ್ಡಿಯಿಲ್ವಲ್ಲ?"

ಅಡ್ಡಿಯಿಲ್ಲ. ಇನ್ನು ಯಾವುದಕ್ಕೂ ಅಡ್ಡಿಯಿಲ್ಲ. ನುಂಗಿದೆ.

ಸಂಜೆ
ಎದೆ ಬಿಟ್ಟಿದೆ. ಅವಳಿಗೆ ಅನ್ನಬೇಕೆಂದು ಕೂಡಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಅನ್ನುವಷ್ಟು ಗಾಳಿ ಇದೆ ಈಗ. ಕರೆದೆ. ಒದ್ದೆ ಕೈ ಟವೆಲ್ಲಿಗೆ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಿದ್ದಾಳೆ.

"ಏನೋ? ಮತ್ತೆ ಕಟ್ತಾ?"

ನಾನು ತಲೆ ಎತ್ತಿಲ್ಲ. ಏನೋ ಬರೆಯುತ್ತಿರುವವನ ಹಾಗೆ ಬರೆಯುತ್ತಾ, ಕೂಡಿಟ್ಟದ್ದನ್ನೂ ನುಂಗಿ ಅಂದೆ — "ಇಲ್ಲಕ್ಕ. ಒಂದು ಕಾಫಿ ಕೊಡು."