ಮೆಲ್ಕಿಯಸ್ ‘ಬಾ’ ಎನ್ನದ ದಿನ

ವಾಮೆನಾ, ಮಾರ್ಚ್ ೧೪

ಬೆಟ್ಟದೂರು ಸೊಬಲೇಕ್‌ನಲ್ಲಿ ಇಳಿಯದೆಯೇ ವಿಮಾನ ತಿರುಗಿಸಿಕೊಂಡು ಬಂದೆ. ಸೊಂಟ ಹಿಡಿದುಕೊಂಡಿದೆ, ನಿದ್ದೆಯಿಲ್ಲ.

ಅಲ್ಲಿ ರೇಡಿಯೊದಲ್ಲಿ ಹವಾಮಾನ ಹೇಳುವ ಮೆಲ್ಕಿಯಸ್ ಮಹಾ ಸುಳ್ಳುಗಾರ. ಊರಿಗೆ ಉಪ್ಪು ಬೇಕೆಂದರೆ ಮೋಡ ಕವಿದಿದ್ದರೂ “ಆಕಾಶ ತೊಳೆದಿಟ್ಟಂಗಿದೆ, ಬಾರಣ್ಣ” ಎನ್ನುತ್ತಾನೆ. ಬೈದರೆ ನಗುತ್ತಾನೆ: “ನೀನು ಬರೋಷ್ಟರಲ್ಲಿ ತಿಳಿಯಾಗತ್ತೆ ಬಿಡು.”

ಇವತ್ತು ಅವನ ಹೆಂಡತಿ ಯೋಸಿನಾಳಿಗೇ ಹೆರಿಗೆ ನೋವು. ಮಗು ಅಡ್ಡ ತಿರುಗಿದೆ, ಇಲ್ಲಿಯ ಆಸ್ಪತ್ರೆಗೆ ತರಬೇಕಿತ್ತು. ಮೋಡ ತುಂಬಿದ ಕಣಿವೆಯ ಬಾಯಿಯವರೆಗೆ ಹೋಗಿ ರೇಡಿಯೊದಲ್ಲಿ ಕೇಳಿದೆ, “ರನ್‌ವೇ ತುದಿಯ ಚರ್ಚು ಕಾಣ್ತಿದೆಯೇನೋ?”

ಮೈಕ್ ಒತ್ತಿದ. ಅವನ ಹಿಂದೆ ಅವಳು ನರಳುವುದು ಕೇಳುತ್ತಿತ್ತು.

“ಕಾಣ್ತಿಲ್ಲಣ್ಣ. ವಾಪಸ್ ಹೋಗು.”

ಇವತ್ತೂ ಸುಳ್ಳು ಹೇಳಿದ್ದರೆ ಆ ಮೋಡಕ್ಕೆ ನುಗ್ಗಿಬಿಡುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು.

ಬೆಳಕು ಹರಿದ ಕೂಡಲೇ ರೇಡಿಯೊದಲ್ಲಿ ಕರೆಯಬೇಕು. ಬಾ ಅಂದರೆ ಸಾಕು. ಸುಳ್ಳೇ ಆಗಲಿ, ಬಾ ಅಂದರೆ ಹೊರಟೇಬಿಡುತ್ತೇನೆ.